ತೆರಿಗೆ ಇಲ್ಲ, ಆದರೂ ರಿಟರ್ನ್ಸ್ ಸಲ್ಲಿಸಬೇಕೇ?

ಜೂನ್ ಬಂತೆಂದರೆ ನಮ್ಮ ಮನೆಯ ಊಟದ ಮೇಜು ಒಂದೆರಡು ಭಾನುವಾರ ಊಟಕ್ಕೆ ಸಿಗುವುದಿಲ್ಲ. ನೆಂಟರ ಪಾಸ್‌ಬುಕ್‌ಗಳು, ಎಫ್‌ಡಿ ರಸೀದಿಗಳು, ಮಡಚಿ ಮಡಚಿ ಹರಿಯುವಂತಾದ ಫಾರ್ಮ್ 16ಗಳು ಅದರ ಮೇಲೆ ಹರಡಿಕೊಂಡಿರುತ್ತವೆ. ಈ ಸಲ ಮೊದಲು ಬಂದವರು ಚಿಕ್ಕಮ್ಮ ಮತ್ತು ಅವರ ಮಗ. ಚಿಕ್ಕಮ್ಮನಿಗೆ 64 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಕುಳಿತುಕೊಳ್ಳುತ್ತಲೇ ಚಿಕ್ಕಮ್ಮ ಕೇಳಿದರು: "ನನಗೆ ತೆರಿಗೆಯೇ ಬರುವುದಿಲ್ಲ, ನಾನು ರಿಟರ್ನ್ಸ್ ಸಲ್ಲಿಸಬೇಕೇನಪ್ಪ?" ಮಗನ ಪ್ರಶ್ನೆಯೂ ಅದೇ. "12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಬಜೆಟ್‌ನಲ್ಲೇ ಹೇಳಿದ್ದಾರಲ್ಲ ಅಣ್ಣ, ನನಗೂ ಬೇಡ ತಾನೇ?"

ಇಬ್ಬರ ಪ್ರಶ್ನೆ ಒಂದೇ ಆದರೂ ಉತ್ತರ ಬೇರೆ ಬೇರೆ. ಚಿಕ್ಕಮ್ಮನಿಗೆ ಕಾನೂನಿನ ಕಡ್ಡಾಯವಿಲ್ಲ, ಆದರೂ ಸಲ್ಲಿಸದಿದ್ದರೆ ಅವರದೇ ಹಣ ಹೋಗುತ್ತದೆ. ಮಗನಿಗೆ ಒಂದು ರೂಪಾಯಿ ತೆರಿಗೆಯೂ ಬರುವುದಿಲ್ಲ, ಆದರೆ ರಿಟರ್ನ್ಸ್ ಸಲ್ಲಿಸಲೇಬೇಕು. ಇದು ಅರ್ಥವಾದರೆ ಈ ವಿಷಯದ ಮುಕ್ಕಾಲು ಪಾಲು ಅರ್ಥವಾದಂತೆ. ತೆರಿಗೆ ಎಷ್ಟು ಬರುತ್ತದೆ ಎಂಬುದೊಂದು ಪ್ರಶ್ನೆ, ರಿಟರ್ನ್ಸ್ ಅನ್ನು, ಅಂದರೆ ವರ್ಷದ ಆದಾಯದ ವಿವರವನ್ನು, ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೇ ಎಂಬುದು ಇನ್ನೊಂದು. ಕಾನೂನು ಇವೆರಡಕ್ಕೂ ಬೇರೆ ಬೇರೆ ಲೆಕ್ಕ ಇಟ್ಟಿದೆ. ನಾವು ಮೊದಲನೆಯದಕ್ಕೆ ಉತ್ತರ ಕಂಡುಕೊಂಡು ಎರಡನೆಯದಕ್ಕೂ ಅದನ್ನೇ ಹಚ್ಚಿಬಿಡುತ್ತೇವೆ.

ಇಲ್ಲಿ ಹೇಳುವುದೆಲ್ಲ 2026ರ ಮಾರ್ಚ್ 31ಕ್ಕೆ ಮುಗಿದ 2025-26ರ ಹಣಕಾಸು ವರ್ಷದ ಲೆಕ್ಕ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಅದಕ್ಕೆ ಮುಂಚಿನ ಆದಾಯಕ್ಕೆ 1961ರ ಹಳೆಯ ಕಾಯ್ದೆಯೇ ಅನ್ವಯ.

ನಾಲ್ಕು ಲಕ್ಷದ ಗೆರೆ

ಮೊದಲು ಬಜೆಟ್ ಸುದ್ದಿಯ 12 ಲಕ್ಷವನ್ನು ಬಿಡಿಸಿ ನೋಡೋಣ. ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ.

1961ರ ಕಾಯ್ದೆಯೊಳಗೇ ತೆರಿಗೆ ಲೆಕ್ಕ ಹಾಕಲು ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. ಹೊಸ ತೆರಿಗೆ ಪದ್ಧತಿಯಲ್ಲಿ ಮೂಲ ವಿನಾಯಿತಿ ಮಿತಿ ಇರುವುದು 4 ಲಕ್ಷ ರೂಪಾಯಿ. ಅಷ್ಟರವರೆಗಿನ ಆದಾಯದ ಮೇಲೆ ತೆರಿಗೆ ಹುಟ್ಟುವುದೇ ಇಲ್ಲ. ಅದನ್ನು ದಾಟಿದ ಕೂಡಲೇ ತೆರಿಗೆ ಹುಟ್ಟುತ್ತದೆ: 4ರಿಂದ 8 ಲಕ್ಷದವರೆಗೆ ಶೇಕಡ 5, 8ರಿಂದ 12 ಲಕ್ಷದವರೆಗೆ ಶೇಕಡ 10. ಹೀಗೆ ಲೆಕ್ಕ ಹಾಕಿದರೆ 12 ಲಕ್ಷಕ್ಕೆ 60 ಸಾವಿರ ರೂಪಾಯಿ ತೆರಿಗೆ ಆಗುತ್ತದೆ. ಆಮೇಲೆ 87ಎ ಎಂಬ ಸೆಕ್ಷನ್ ಬಂದು ಆ 60 ಸಾವಿರವನ್ನು ರಿಬೇಟ್ ಎಂದು ಮನ್ನಾ ಮಾಡುತ್ತದೆ. ಅಂದರೆ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಾತಿನ ಅರ್ಥ, ತೆರಿಗೆ ಲೆಕ್ಕಕ್ಕೆ ಬರುತ್ತದೆ, ಬಂದ ಮೇಲೆ ಬಿಟ್ಟುಬಿಡುತ್ತಾರೆ ಎಂದು. ರಿಟರ್ನ್ಸ್ ಕಡ್ಡಾಯವೇ ಎಂದು ನೋಡುವಾಗ ಕಾನೂನು ಕೇಳುವುದು 4 ಲಕ್ಷ ದಾಟಿತೇ ಎಂದಷ್ಟೇ. 12 ಲಕ್ಷದ ಮಾತು ಅಲ್ಲಿ ಬರುವುದೇ ಇಲ್ಲ.

ಚಿಕ್ಕಮ್ಮನ ಮಗನ ಸಂಬಳ ವರ್ಷಕ್ಕೆ 7,80,000 ರೂಪಾಯಿ. ಸಂಬಳದಾರರಿಗೆಲ್ಲ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 7,05,000 ಉಳಿಯುತ್ತದೆ. 4 ಲಕ್ಷದ ಮೇಲಿನ 3,05,000ಕ್ಕೆ ಶೇಕಡ 5ರಂತೆ 15,250 ರೂಪಾಯಿ ತೆರಿಗೆ. ರಿಬೇಟ್ ಅದನ್ನು ಪೂರ್ತಿ ಅಳಿಸಿಹಾಕುತ್ತದೆ. ಆದರೆ ಆದಾಯ 4 ಲಕ್ಷ ದಾಟಿರುವುದರಿಂದ ರಿಟರ್ನ್ಸ್ ಕಡ್ಡಾಯ. ಅವನು ಗಡುವು ತಪ್ಪಿಸಿಕೊಂಡು ಆಮೇಲೆ ಸಲ್ಲಿಸಿದರೆ 5,000 ರೂಪಾಯಿ ವಿಳಂಬ ಶುಲ್ಕ ಕಟ್ಟಬೇಕು. ತೆರಿಗೆಯೇ ಇಲ್ಲದವನು ಐದು ಸಾವಿರ ಕೊಡುವ ಸ್ಥಿತಿ! ಆ ಮಾತು ಕೇಳಿದ ಮೇಲೆಯೇ ಹುಡುಗ ಮೊಬೈಲ್ ಕೆಳಗಿಟ್ಟು ಕಾಗದದ ಕಡೆ ನೋಡಿದ್ದು.

ಹಳೆಯ ಪದ್ಧತಿಯ ಮಿತಿಗಳು ಇನ್ನೂ ಅನೇಕರ ತಲೆಯಲ್ಲಿವೆ: 60 ವರ್ಷದೊಳಗಿನವರಿಗೆ 2.5 ಲಕ್ಷ, 60 ತುಂಬಿದವರಿಗೆ 3 ಲಕ್ಷ, 80 ತುಂಬಿದವರಿಗೆ 5 ಲಕ್ಷ. ಆದರೆ 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ ವಯಸ್ಸಿನ ಭೇದವಿಲ್ಲ. ಹಾಗಾಗಿ 82 ವರ್ಷದ ಅಜ್ಜನಿಗೆ 4.5 ಲಕ್ಷ ಆದಾಯವಿದ್ದರೆ, ಹಿಂದೆ ಇದ್ದ 5 ಲಕ್ಷದ ಮಿತಿಯನ್ನು ನೆನೆದು ಸುಮ್ಮನಿರಲು ಬರುವುದಿಲ್ಲ. ಹಳೆಯ ಪದ್ಧತಿಯೇ ತನಗೆ ಲಾಭ ಎನ್ನುವವರಿಗೂ ಒಂದು ಮಾತು. ಸಂಬಳ, ಪಿಂಚಣಿ, ಬಡ್ಡಿಯಲ್ಲಿ ಬದುಕುವವರು ಹಳೆಯ ಪದ್ಧತಿ ಬೇಕೆಂದು ಹೇಳುವುದು ರಿಟರ್ನ್ಸ್‌ನಲ್ಲೇ, ಅದೂ ಗಡುವಿನೊಳಗೆ. ಸಲ್ಲಿಸದೆ ಆಯ್ಕೆ ಮಾಡಿಕೊಳ್ಳುವ ದಾರಿ ಇಲ್ಲ.

ಯಾವುದನ್ನು ಕಳೆಯುವ ಮುಂಚೆ?

4 ಲಕ್ಷ ದಾಟಿತೇ ಎಂದರೆ, ಯಾವ ಹಂತದ ಆದಾಯ? ಈ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಬಹುದು. ಮನೆ ಬಾಡಿಗೆ ಬರುತ್ತಿದ್ದರೆ ಅದರಲ್ಲಿ ಶೇಕಡ 30 ಕಳೆಯಬಹುದು. ಅಂಗಡಿಯಿದ್ದರೆ ಖರ್ಚು ಕಳೆದು ಲಾಭವನ್ನಷ್ಟೇ ಹಿಡಿಯಬಹುದು. ಇವೆಲ್ಲ ಆಯಾ ಆದಾಯವನ್ನು ಲೆಕ್ಕ ಹಾಕುವ ರೀತಿಯೊಳಗೇ ಸೇರಿವೆ. ಆದರೆ 80ಸಿ, 80ಡಿ ಮುಂತಾದ ಕಡಿತಗಳನ್ನು, ಅಂದರೆ ಎಲ್‌ಐಸಿ ಕಂತು, ಪಿಪಿಎಫ್, ಆರೋಗ್ಯ ವಿಮೆ ಇತ್ಯಾದಿಯನ್ನು ಕಳೆಯುವಂತಿಲ್ಲ. ಆಸ್ತಿ ಮಾರಿದ ಹಣವನ್ನು ಮತ್ತೆ ಮನೆಗೋ ನಿಗದಿತ ಬಾಂಡ್‌ಗಳಿಗೋ ಹಾಕಿದ್ದಕ್ಕೆ ಸಿಗುವ 54, 54ಎಫ್, 54ಇಸಿ ವಿನಾಯಿತಿಗಳನ್ನೂ ಕಳೆಯುವಂತಿಲ್ಲ. ಅವುಗಳನ್ನು ಕಳೆಯುವ ಮುಂಚಿನ ಮೊತ್ತ ಮಿತಿ ದಾಟಿದ್ದರೆ ರಿಟರ್ನ್ಸ್ ಕಡ್ಡಾಯ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಗೃಹಿಣಿಯರಿಗೆ. ಒಬ್ಬ ಗೃಹಿಣಿ ಇದ್ದಾರೆ ಎಂದುಕೊಳ್ಳಿ. ಬೇರೆ ಯಾವ ಆದಾಯವೂ ಇಲ್ಲ. ಹತ್ತು ವರ್ಷದ ಹಿಂದೆ ಅವರ ಹೆಸರಿನಲ್ಲಿ ಕೊಂಡಿದ್ದ ನಿವೇಶನವನ್ನು 48 ಲಕ್ಷಕ್ಕೆ ಮಾರಿದರು. ಅದರಲ್ಲಿ 30 ಲಕ್ಷ ಲಾಭ. ಬಂದ ಹಣವನ್ನಷ್ಟೂ ಹಾಕಿ ವರ್ಷದೊಳಗೆ ಒಂದು ಮನೆ ಕೊಂಡರು. 54ಎಫ್ ಪ್ರಕಾರ ಲಾಭಕ್ಕೆಲ್ಲ ವಿನಾಯಿತಿ, ತೆರಿಗೆ ಸೊನ್ನೆ. "ತೆರಿಗೆ ಇಲ್ಲ" ಎಂದು ಮಧ್ಯವರ್ತಿ ಹೇಳಿದ, ಅವರೂ ಸುಮ್ಮನಾದರು. ಆದರೆ ಲೆಕ್ಕಕ್ಕೆ ಬರುವುದು ವಿನಾಯಿತಿ ಕಳೆಯುವ ಮುಂಚಿನ 30 ಲಕ್ಷ. 30 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿ ವಹಿವಾಟಿನ ವಿವರ ಉಪನೋಂದಣಾಧಿಕಾರಿಯ ಕಚೇರಿಯಿಂದ ತಾನಾಗಿ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಇಲಾಖೆಗೆ ಕಾಣುವುದು ನಿವೇಶನ ಮಾರಿದ ಸಂಗತಿ ಮಾತ್ರ. ವಿನಾಯಿತಿ ಪಡೆದೆ ಎಂದು ತಿಳಿಸುವ ಕಾಗದ ರಿಟರ್ನ್ಸ್, ಅದೇ ಸಲ್ಲಿಕೆಯಾಗಿಲ್ಲ. ಮುಂದೆ ಎರಡು ಮೂರು ವರ್ಷಕ್ಕೆ ನೋಟಿಸ್ ಬಂದಾಗ ಆ ಮನೆಯವರು ಪಡುವ ಗಾಬರಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಪ್ಪು ಮಾಡದವರು ತಪ್ಪಿತಸ್ಥರಂತೆ ಓಡಾಡುತ್ತಾರೆ. ಆಸ್ತಿ ಮಾರಿದ ವರ್ಷ, ಯಾರು ಏನೇ ಹೇಳಲಿ, ರಿಟರ್ನ್ಸ್ ವಿಷಯವನ್ನು ಕೂಲಂಕಷವಾಗಿ ನೋಡಿ.

ಹೆಂಡತಿಯ ಹೆಸರಿನ ಎಫ್‌ಡಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಗಂಡ ಕೊಟ್ಟ ಹಣದಿಂದ ಆ ಎಫ್‌ಡಿ ಇಟ್ಟಿದ್ದರೆ ಬಡ್ಡಿ ಸೇರುವುದು ಗಂಡನ ಆದಾಯಕ್ಕೆ. ಅಪ್ರಾಪ್ತ ವಯಸ್ಸಿನ ಮಕ್ಕಳ ಹೆಸರಿನ ಬಡ್ಡಿ, ಅಪ್ಪ ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ತವರಿನಿಂದ ಬಂದ ಹಣದ, ಸ್ವಂತ ದುಡಿಮೆಯ ಹಣದ ಬಡ್ಡಿ ಮಾತ್ರ ಹೆಂಡತಿಯದೇ ಆದಾಯ.

ಆದಾಯ ಕಡಿಮೆ, ವ್ಯವಹಾರ ದೊಡ್ಡದು

ಇಲ್ಲಿಯವರೆಗಿನದು ಆದಾಯದ ಗೆರೆ. ಆದಾಯ 4 ಲಕ್ಷದೊಳಗೇ ಇದ್ದರೂ, ಸೊನ್ನೆಯೇ ಆಗಿದ್ದರೂ, ಕೆಲವು ವ್ಯವಹಾರ ಮಾಡಿದವರು ರಿಟರ್ನ್ಸ್ ಸಲ್ಲಿಸಲೇಬೇಕು ಎಂಬ ನಿಯಮ ಬೇರೆ ಇದೆ. 2019ರ ಬಜೆಟ್ಟಿನಲ್ಲಿ ಕೆಲವು ಬಂದವು, 2022ರ ಏಪ್ರಿಲ್‌ನಲ್ಲಿ ಇನ್ನಷ್ಟು ಸೇರಿದವು. ಇವುಗಳ ಬಗ್ಗೆ ತಿಳಿದವರು ಕಡಿಮೆ.

ವರ್ಷದಲ್ಲಿ ವಿದ್ಯುತ್ ಬಿಲ್‌ಗೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಕಟ್ಟಿದರೆ ಅದೊಂದು ಕಾರಣ. ತಿಂಗಳಿಗೆ ಸುಮಾರು 8,300 ರೂಪಾಯಿ ದಾಟಿದರೆ ಸಾಕು, ಅಲ್ಲಿಗೆ ಮುಟ್ಟುತ್ತೀರಿ. ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಅದು ಇನ್ನೊಂದು. ಇಲ್ಲಿ ಗಮನಿಸಬೇಕಾದದ್ದು, ಹೋದವರು ಯಾರು ಎಂಬುದಲ್ಲ, ಹಣ ಕೊಟ್ಟವರು ಯಾರು ಎಂಬುದು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಅಪ್ಪ ತಮ್ಮ ಖಾತೆಯಿಂದ ತಮಗೂ ಹೆಂಡತಿಗೂ ಟಿಕೆಟ್ ತೆಗೆಸಿದರು, ಎರಡೂ ಸೇರಿ 2.4 ಲಕ್ಷವಾಯಿತು ಎಂದರೆ, ಅವರ ಪಿಂಚಣಿ ಎಷ್ಟೇ ಕಡಿಮೆಯಿರಲಿ, ಆ ವರ್ಷ ಅವರು ರಿಟರ್ನ್ಸ್ ಸಲ್ಲಿಸಬೇಕು.

ಚಾಲ್ತಿ ಖಾತೆಗಳಿಗೆ ಒಟ್ಟು 1 ಕೋಟಿಗಿಂತ ಹೆಚ್ಚು ಜಮೆಯಾಗಿದ್ದರೆ, ಉಳಿತಾಯ ಖಾತೆಗಳಿಗೆ ಒಟ್ಟು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜಮೆಯಾಗಿದ್ದರೆ, ಆಗಲೂ ಕಡ್ಡಾಯ. ಒಂದೇ ಬ್ಯಾಂಕ್ ಎಂದಿಲ್ಲ, ನಿಮ್ಮ ಎಲ್ಲ ಖಾತೆಗಳ ಜಮೆಯನ್ನೂ ಕೂಡಿಸಬೇಕು.

ವ್ಯಾಪಾರಿಗಳಿಗೆ ವಹಿವಾಟು 60 ಲಕ್ಷ ದಾಟಿದರೆ, ವೃತ್ತಿನಿರತರಿಗೆ ಒಟ್ಟು ಗಳಿಕೆ 10 ಲಕ್ಷ ದಾಟಿದರೆ ರಿಟರ್ನ್ಸ್ ಕಡ್ಡಾಯ. ಲಾಭ ಬಂದಿರಲಿ, ನಷ್ಟವಾಗಿರಲಿ. 60 ಲಕ್ಷ ಎಂದರೆ ದೊಡ್ಡ ಮಾತು ಎನಿಸುತ್ತದೆ, ಆದರೆ ದಿನಕ್ಕೆ ಸುಮಾರು 16,500 ರೂಪಾಯಿ ವ್ಯಾಪಾರವಾಗುವ ದಿನಸಿ ಅಂಗಡಿ ವರ್ಷ ಮುಗಿಯುವುದರೊಳಗೆ ಅದನ್ನು ದಾಟಿರುತ್ತದೆ. 2025ರ ಜುಲೈಯಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಆಧಾರದ ಮೇಲೆ ನೋಟಿಸ್‌ಗಳು ಬಂದು ಗದ್ದಲವಾದದ್ದು ನೆನಪಿರಬಹುದು. ಅದು ಜಿಎಸ್‌ಟಿಯ ವಿಷಯ, ಅದರ ಮಿತಿಗಳೇ ಬೇರೆ. ಜಿಎಸ್‌ಟಿ ನೋಂದಣಿ ಬೇಡ ಎಂದಾದರೆ ಆದಾಯ ತೆರಿಗೆ ರಿಟರ್ನ್ಸ್ ಕೂಡ ಬೇಡ ಎಂದು ಅಂಗಡಿಯವರು ಭಾವಿಸಬಾರದು. ಎರಡೂ ಬೇರೆ ಬೇರೆ ಕಾನೂನುಗಳು.

ಟಿಡಿಎಸ್ ಮತ್ತು ಟಿಸಿಎಸ್ ಸೇರಿ ವರ್ಷದಲ್ಲಿ 25 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕಡಿತವಾಗಿದ್ದರೂ ಕಡ್ಡಾಯವೇ. 60 ತುಂಬಿದವರಿಗೆ ಈ ಮಿತಿ 50 ಸಾವಿರ. ಟಿಡಿಎಸ್ ಎಂದರೆ ನಿಮಗೆ ಹಣ ಕೊಡುವವರು ಅದರಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಟಿಸಿಎಸ್ ಎಂದರೆ 10 ಲಕ್ಷಕ್ಕೂ ಮೇಲ್ಪಟ್ಟ ಕಾರು, ವಿದೇಶ ಪ್ರವಾಸದ ಪ್ಯಾಕೇಜ್ ಮುಂತಾದವನ್ನು ಕೊಳ್ಳುವಾಗ ಮಾರುವವರು ನಿಮ್ಮಿಂದ ವಸೂಲು ಮಾಡುವುದು. ಎರಡೂ ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗಿರುತ್ತವೆ.

ಇನ್ನು ವಿದೇಶದ ಆಸ್ತಿ. ಇದರಲ್ಲಿ ಯಾವ ಸಡಿಲಿಕೆಯನ್ನೂ ನಿರೀಕ್ಷಿಸಬೇಡಿ. ಭಾರತದಲ್ಲಿ ಸಾಮಾನ್ಯ ನಿವಾಸಿಯಾಗಿರುವವರಿಗೆ ಹೊರದೇಶದಲ್ಲಿ ಬ್ಯಾಂಕ್ ಖಾತೆ, ಷೇರು, ಮನೆ ಏನಿದ್ದರೂ, ಆದಾಯವಿಲ್ಲದಿದ್ದರೂ, ರಿಟರ್ನ್ಸ್ ಸಲ್ಲಿಸಿ ಅದನ್ನು ತೋರಿಸಬೇಕು. ಅಲ್ಲಿನ ಖಾತೆಗೆ ಸಹಿ ಹಾಕುವ ಅಧಿಕಾರವಷ್ಟೇ ಇದ್ದರೂ ಸಾಕು. ಬಹುರಾಷ್ಟ್ರೀಯ ಕಂಪನಿಯಲ್ಲಿ ದುಡಿಯುವವರಿಗೆ ಮಾತೃಸಂಸ್ಥೆಯ ಷೇರು ಸಿಕ್ಕಿದ್ದರೆ ಅದೂ ವಿದೇಶಿ ಆಸ್ತಿಯೇ. ಕೆಲಸಕ್ಕೆಂದು ಹೊರಗೆ ಹೋಗಿ ಮರಳಿದವರು ಅಲ್ಲಿಯ ಹಳೆಯ ಖಾತೆಯಲ್ಲಿ ನೂರು ಡಾಲರ್ ಬಿಟ್ಟು ಬಂದು ಮರೆತಿರುತ್ತಾರೆ. 2015ರ ಕಪ್ಪುಹಣ ಕಾಯ್ದೆಯಲ್ಲಿ ಮರೆಮಾಚಿದವರಿಗೆ ಇರುವ ದಂಡ 10 ಲಕ್ಷ ರೂಪಾಯಿ. ಸಣ್ಣ ಮೊತ್ತದ ಆಸ್ತಿಗಳಿಗೆ ದಂಡದಿಂದ ಸ್ವಲ್ಪ ರಕ್ಷಣೆ ಕೊಟ್ಟಿದ್ದಾರೆ, ಆದರೆ ತೋರಿಸುವ ಕರ್ತವ್ಯ ಹಾಗೆಯೇ ಇದೆ.

ಕಂಪನಿ, ಪಾಲುದಾರಿಕೆ ಸಂಸ್ಥೆಗಳಿಗೆ ಈ ಯಾವ ಲೆಕ್ಕವೂ ಇಲ್ಲ. ವ್ಯವಹಾರ ನಿಂತಿದ್ದರೂ ಪ್ರತಿ ವರ್ಷ ಸಲ್ಲಿಸಬೇಕು.

ಅಡಿಕೆ, ಕಾಫಿ, ರೇಷ್ಮೆಗೂಡು

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದು 4 ಲಕ್ಷದ ಲೆಕ್ಕಕ್ಕೂ ಸೇರುವುದಿಲ್ಲ. ಅಡಿಕೆ ತೋಟದಿಂದ 9 ಲಕ್ಷ, ಬ್ಯಾಂಕ್ ಬಡ್ಡಿ 60 ಸಾವಿರ ಬರುವ ಕೃಷಿಕ ರಿಟರ್ನ್ಸ್ ಸಲ್ಲಿಸಬೇಕಾಗಿಲ್ಲ. ಲೆಕ್ಕಕ್ಕೆ ಬರುವುದು 60 ಸಾವಿರ ಮಾತ್ರ.

ಆದರೆ ಅದೇ ಕೃಷಿಕ ಮಂಡಿಯಿಂದ ಬಂದ 55 ಲಕ್ಷವನ್ನು ತನ್ನ ಉಳಿತಾಯ ಖಾತೆಗೆ ಹಾಕಿದರೆ? ಹಣವೆಲ್ಲ ಕೃಷಿಯದೇ, ತೆರಿಗೆ ಇಲ್ಲವೇ ಇಲ್ಲ. ಆದರೂ 50 ಲಕ್ಷದ ಜಮೆಯ ನಿಯಮ ಹಣದ ಮೂಲವನ್ನು ಕೇಳುವುದಿಲ್ಲ, ಜಮೆಯಾಯಿತೇ ಎಂದಷ್ಟೇ ನೋಡುತ್ತದೆ. ಹಾಗಾಗಿ ರಿಟರ್ನ್ಸ್ ಕಡ್ಡಾಯ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಎರಡು ವರ್ಷದ ದಾಸ್ತಾನನ್ನು ಒಟ್ಟಿಗೆ ಮಾರಿದ ವರ್ಷ ಇದು ಆಗಬಹುದು. ಮಲೆನಾಡಿನ ಬಂಧುಗಳಿಗೆ ಇದನ್ನು ನಾನು ಒತ್ತಿ ಹೇಳುವುದುಂಟು.

ಕೃಷಿ ಆದಾಯದ ಜೊತೆಗೆ ಬೇರೆ ಆದಾಯವೂ 4 ಲಕ್ಷ ದಾಟಿದ್ದರೆ ಇನ್ನೊಂದು ಸಂಗತಿ. ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದರೆ ಅದಕ್ಕೆ ನೇರ ತೆರಿಗೆ ಹಾಕದಿದ್ದರೂ, ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸಲು ಅದನ್ನು ಕೂಡಿಸಿ ನೋಡುತ್ತಾರೆ. ಅಂಥವರು ಐಟಿಆರ್-1 ಎಂಬ ಸರಳವಾದ ರಿಟರ್ನ್ಸ್ ಫಾರ್ಮ್ ಬಳಸಲು ಬರುವುದಿಲ್ಲ.

ಊರಿನಲ್ಲಿ ಮಾಡುವುದೆಲ್ಲ ಕೃಷಿ ಎಂದೂ ಅಲ್ಲ. ಹಾಲು ಮಾರಾಟ, ಕೋಳಿ ಸಾಕಣೆ ಕಾನೂನಿನ ಕಣ್ಣಿಗೆ ವ್ಯವಹಾರ. ಕಾಫಿ ಬೆಳೆದು ಹಣ್ಣನ್ನೇ ಮಾರಿದರೆ ಕೃಷಿ ಆದಾಯ. ಬೆಳೆಗಾರನೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ ಬೀಜ ಸಿದ್ಧಪಡಿಸಿ, ಮಾರಿದರೆ ಆ ಆದಾಯದ ಶೇಕಡ 25 ತೆರಿಗೆಯ ವ್ಯಾಪ್ತಿಗೆ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡ 40. ಹಿಪ್ಪುನೇರಳೆ ಸೊಪ್ಪು ಬೆಳೆದು ಮಾರುವುದು ಕೃಷಿ, ಆದರೆ ಹುಳು ಸಾಕಿ ಗೂಡು ಮಾರಿ ಬಂದದ್ದು ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ರೇಷ್ಮೆ ಬೆಳೆಗಾರನನ್ನು ಅಪ್ಪಟ ರೈತನೆಂದೇ ಕಾಣುವ ನಮಗೆ ಇದು ಒಪ್ಪಲು ಕಷ್ಟ. ಆದರೂ ಗೂಡಿನ ಲಾಭ 4 ಲಕ್ಷ ದಾಟುವವರು ಇದನ್ನು ತಿಳಿದಿರಲೇಬೇಕು.

ಕಡ್ಡಾಯವಿಲ್ಲ, ಆದರೂ

ಈಗ ಚಿಕ್ಕಮ್ಮನ ಲೆಕ್ಕ. ಪಿಂಚಣಿ ತಿಂಗಳಿಗೆ 29 ಸಾವಿರ, ವರ್ಷಕ್ಕೆ 3,48,000. ಪಿಂಚಣಿಗೂ ಸಂಬಳದಂತೆಯೇ 75 ಸಾವಿರ ಕಳೆಯುತ್ತದೆ, ಉಳಿದದ್ದು 2,73,000. ತಮ್ಮ ನಿವೃತ್ತಿಯ ಹಣವನ್ನು ಒಂದೇ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದಾರೆ, ಬಡ್ಡಿ 1,12,000. ಉಳಿತಾಯ ಖಾತೆಯ ಬಡ್ಡಿ 3,000. ಎಲ್ಲ ಕೂಡಿಸಿದರೆ 3,88,000. ಮಿತಿಗೆ 12 ಸಾವಿರ ಕಡಿಮೆ. ವಿದೇಶಕ್ಕೆ ಹೋಗಿಲ್ಲ, ಕರೆಂಟ್ ಬಿಲ್ ತಿಂಗಳಿಗೆ ಐನೂರು ದಾಟುವುದಿಲ್ಲ. ರಿಟರ್ನ್ಸ್ ಕಡ್ಡಾಯವಿಲ್ಲ.

ಆದರೆ ಅವರ ಪಾಸ್‌ಬುಕ್ಕಿನಲ್ಲಿ ಒಂದೊಂದು ತ್ರೈಮಾಸಿಕದ ಕೊನೆಗೂ ಸಣ್ಣದೊಂದು ಕಡಿತ ಇತ್ತು. ಮುದ್ರಣ ಮಾಸಿದ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು "ಇದು ಬ್ಯಾಂಕಿನವರ ಖರ್ಚಿರಬೇಕು" ಎಂದು ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಂಡಿದ್ದರು. ಅದು ಬ್ಯಾಂಕಿನ ಖರ್ಚಲ್ಲ, ಟಿಡಿಎಸ್. ಹಿರಿಯ ನಾಗರಿಕರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ದಾಟಿದರೆ ಬ್ಯಾಂಕು ಶೇಕಡ 10 ಹಿಡಿಯುತ್ತದೆ. ಒಟ್ಟು 11,200 ರೂಪಾಯಿ ಹೋಗಿತ್ತು. ತೆರಿಗೆಯೇ ಇಲ್ಲದವರ ಹಣ ಸರ್ಕಾರದ ಖಜಾನೆಯಲ್ಲಿ ಕೂತಿದೆ, ಅದನ್ನು ವಾಪಸ್ ಪಡೆಯಲು ಇರುವ ದಾರಿ ರಿಟರ್ನ್ಸ್ ಮಾತ್ರ. ಹಿರಿಯರ ಬಡ್ಡಿ ಹಣದಲ್ಲಿ ಹೀಗೆ ವರ್ಷ ವರ್ಷವೂ ಕಡಿತವಾಗಿ, ಯಾರೂ ಕೇಳದೆ ಉಳಿಯುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದು ಎರಡು ತಿಂಗಳ ಔಷಧಿಯ ದುಡ್ಡು.

ವರ್ಷದ ಆರಂಭದಲ್ಲೇ, ತಮಗೆ ತೆರಿಗೆ ಬರುವುದಿಲ್ಲ ಎಂಬ ಘೋಷಣೆಯನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಕಡಿತವೇ ಆಗುತ್ತಿರಲಿಲ್ಲ. ಹಿರಿಯರು 15ಎಚ್, ಉಳಿದವರು 15ಜಿ ಎಂದು ಕೊಡುತ್ತಿದ್ದುದು ಇದನ್ನೇ. ಒಮ್ಮೆ ಕೊಟ್ಟರೆ ಮುಗಿಯಲಿಲ್ಲ, ಪ್ರತಿ ವರ್ಷ ಕೊಡಬೇಕು.

ಷೇರಿನಲ್ಲಿ ನಷ್ಟವಾಗಿದ್ದು, ಮುಂದಿನ ವರ್ಷಗಳ ಲಾಭಕ್ಕೆ ಅದನ್ನು ಹೊಂದಿಸಿಕೊಳ್ಳಬೇಕೆಂದಿದ್ದರೂ ಗಡುವಿನೊಳಗೆ ಸಲ್ಲಿಸಬೇಕು. ತಡವಾದರೆ ಆ ನಷ್ಟವನ್ನು ಮುಂದಕ್ಕೆ ಒಯ್ಯಲು ಬರುವುದಿಲ್ಲ. ಮನೆ ಸಾಲ, ವೀಸಾ ಎಂದು ಹೋದಾಗಲೂ ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತಾರೆ.

75 ವರ್ಷ ತುಂಬಿದವರಿಗೆ ಒಂದು ವಿನಾಯಿತಿ ಇದೆ. ಆದಾಯ ಪಿಂಚಣಿ ಮತ್ತು ಬಡ್ಡಿ ಎರಡೇ ಆಗಿರಬೇಕು, ಪಿಂಚಣಿ ಬರುವ ಬ್ಯಾಂಕಿನಲ್ಲೇ ಆ ಬಡ್ಡಿಯೂ ಇರಬೇಕು, ಬ್ಯಾಂಕಿಗೆ ಘೋಷಣೆ ಕೊಟ್ಟಿರಬೇಕು. ಆಗ ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಹಿಡಿದುಕೊಳ್ಳುತ್ತದೆ, ಅವರು ರಿಟರ್ನ್ಸ್ ಸಲ್ಲಿಸಬೇಕಾಗಿಲ್ಲ. ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಎಫ್‌ಡಿ ಇದ್ದರೂ ಈ ಅನುಕೂಲ ತಪ್ಪುತ್ತದೆ. 75 ದಾಟಿದರೆ ತೆರಿಗೆಯೇ ಇಲ್ಲ ಎಂದು ವಾಟ್ಸಾಪ್‌ನಲ್ಲಿ ಹರಿದಾಡುವುದು ಸುಳ್ಳು.

ತೀರಿಕೊಂಡವರ ರಿಟರ್ನ್ಸ್ ಬಗ್ಗೆ ಕೇಳಲು ಜನ ಹಿಂಜರಿಯುತ್ತಾರೆ. ವರ್ಷದ ನಡುವೆ ಮನೆಯವರೊಬ್ಬರು ತೀರಿಕೊಂಡಿದ್ದರೆ, ಆ ದಿನದವರೆಗಿನ ಅವರ ಆದಾಯ ಮಿತಿ ದಾಟಿದ್ದ ಪಕ್ಷದಲ್ಲಿ ವಾರಸುದಾರರು ಅವರ ಪರವಾಗಿ ಸಲ್ಲಿಸಬೇಕು. ಜಾಲತಾಣದಲ್ಲಿ ಕಾನೂನುಬದ್ಧ ವಾರಸುದಾರರೆಂದು ನೋಂದಾಯಿಸಿಕೊಳ್ಳಲು ಮರಣ ಪ್ರಮಾಣಪತ್ರ ಬೇಕಾಗುತ್ತದೆ.

ಕೈಗೆ ಕಾಗದ ತೆಗೆದುಕೊಳ್ಳಿ

ಊಹೆ ಮಾಡುವ ಬದಲು ನೋಡಿಬಿಡುವುದು ಲೇಸು. ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣಕ್ಕೆ ಪ್ಯಾನ್ ಸಂಖ್ಯೆ ಹಾಕಿ ಪ್ರವೇಶಿಸಿ. ಅಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ಇದೆ, ತೆರಿಗೆ ಕಡಿತದ ಲೆಕ್ಕ ತೋರಿಸುವ 26ಎಎಸ್ ಎಂಬ ಇನ್ನೊಂದು ಕಾಗದವೂ ಇದೆ. ಎಐಎಸ್ ಕಡತವನ್ನು ಇಳಿಸಿಕೊಂಡರೆ ಅದು ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ಅಂಟಿಕೊಂಡಂತೆ ಹುಟ್ಟಿದ ದಿನ, ತಿಂಗಳು, ವರ್ಷ. ಎಷ್ಟೋ ಜನ ಇಲ್ಲಿಗೇ ಸೋತು ಕೈಬಿಡುತ್ತಾರೆ. ತೆರೆದರೆ ಯಾವ ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿದೆ, ಎಷ್ಟು ಹಿಡಿದಿದೆ, ಯಾವ ಷೇರು ಮಾರಿದ್ದೀರಿ, ಯಾವ ಆಸ್ತಿ ಕೈಬದಲಾಗಿದೆ ಎಲ್ಲವೂ ಕಾಣುತ್ತದೆ. ಇಲಾಖೆಗೆ ಗೊತ್ತಿರುವುದು ನಿಮಗೂ ಗೊತ್ತಿರಲಿ.

ಆ ಪಟ್ಟಿಯೇ ಕೊನೆಯ ಮಾತಲ್ಲ. ಜಂಟಿ ಖಾತೆಯ ಬಡ್ಡಿ ಇಬ್ಬರ ಹೆಸರಿನಲ್ಲೂ ಬಂದಿರಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಬಹುದು. ಮನೆ ಬಾಡಿಗೆಯಂಥ ಆದಾಯ ಅದರಲ್ಲಿ ಕಾಣದೆಯೂ ಇರಬಹುದು, ಅದನ್ನು ನೀವೇ ಕೂಡಿಸಬೇಕು.

ಸಂಬಳ, ಪಿಂಚಣಿಯವರಿಗೆ ಗಡುವು ಜುಲೈ 31. ಸರ್ಕಾರ ಕೆಲವೊಮ್ಮೆ ಮುಂದೂಡುವುದುಂಟು, 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಹೋಗಿತ್ತು. ಆ ಆಸೆಗೆ ಕಾಯಬೇಡಿ. ತಪ್ಪಿದವರಿಗೆ ಡಿಸೆಂಬರ್ 31ರವರೆಗೆ ಅವಕಾಶ: ಆದಾಯ 5 ಲಕ್ಷದೊಳಗಿದ್ದರೆ 1,000 ರೂಪಾಯಿ, ಮೇಲಿದ್ದರೆ 5,000 ರೂಪಾಯಿ ಶುಲ್ಕ. ರಿಟರ್ನ್ಸ್ ಕಡ್ಡಾಯವಲ್ಲದವರಿಗೆ ಈ ಶುಲ್ಕವಿಲ್ಲ, ಹಾಗಾಗಿ ಚಿಕ್ಕಮ್ಮನಂಥವರು ಡಿಸೆಂಬರ್‌ನಲ್ಲಿ ಸಲ್ಲಿಸಿದರೂ ರಿಫಂಡ್ ಪೂರ್ತಿ ಸಿಗುತ್ತದೆ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ರೀತಿಯಲ್ಲೋ ದೃಢೀಕರಿಸಬೇಕು. ಅದನ್ನು ಮರೆತರೆ ಸಲ್ಲಿಸಿದ್ದೂ ಸಲ್ಲಿಸದಂತೆಯೇ. ಡಿಸೆಂಬರ್ ಕೂಡ ದಾಟಿದರೆ, ನಾಲ್ಕು ವರ್ಷದವರೆಗೆ ಹೆಚ್ಚುವರಿ ತೆರಿಗೆ ಕಟ್ಟಿ ಅಪ್‌ಡೇಟೆಡ್ ರಿಟರ್ನ್ಸ್ ಸಲ್ಲಿಸುವ ದಾರಿಯೊಂದಿದೆ. ಅದರಲ್ಲಿ ತೆರಿಗೆ ಕಟ್ಟಬಹುದು, ರಿಫಂಡ್ ಕೇಳಲು ಬರುವುದಿಲ್ಲ.

ಚಿಕ್ಕಮ್ಮನ ಪಾಸ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದಾಗ 2024-25ರಲ್ಲೂ ಅದೇ ಪೆನ್ಸಿಲ್ ಗೆರೆ ಸಿಕ್ಕಿತು. ಆ ವರ್ಷ 9,000 ರೂಪಾಯಿ ಕಡಿತವಾಗಿತ್ತು. ಆಗ ಮೂಲ ಮಿತಿ ಇದ್ದದ್ದು 3 ಲಕ್ಷ, ಅವರ ಆದಾಯ ಮೂರೂವರೆ ಲಕ್ಷ. ಅಂದರೆ ಆ ವರ್ಷ ಅವರಿಗೆ ರಿಟರ್ನ್ಸ್ ಕಡ್ಡಾಯವೇ ಆಗಿತ್ತು, ಅವರಿಗೆ ಗೊತ್ತಿರಲಿಲ್ಲ. ಡಿಸೆಂಬರ್ ಗಡುವೂ ಮುಗಿದಿದೆ. ಉಳಿದಿರುವುದು ವಿಳಂಬವನ್ನು ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕುವುದು. ರಿಫಂಡ್ ವಿಷಯದಲ್ಲಿ ಅಸೆಸ್‌ಮೆಂಟ್ ವರ್ಷ, ಅಂದರೆ ಆ ಹಣಕಾಸು ವರ್ಷದ ಮರುವರ್ಷ, ಮುಗಿದು ಐದು ವರ್ಷದೊಳಗೆ ಅದನ್ನು ಜಾಲತಾಣದಲ್ಲೇ ಸಲ್ಲಿಸಬಹುದು, ತಡವಾದದ್ದಕ್ಕೆ ನಿಜವಾದ ಕಾರಣ ಕೊಡಬೇಕು. ಕಾರಣವನ್ನು ತಾವೇ ಬರೆಯುತ್ತೇನೆಂದು ಚಿಕ್ಕಮ್ಮ ಹೇಳಿದರು. ಆ ವರ್ಷ ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದರು.